ಬಾಯಿಗೆ ಒಗ್ಗುವಂತೆ ಗಂಜಿ, ತಂಬುಳಿ: ಲೋಳೆ, ತರಿ, ನಾರು ಆಗದವರಿಗೆ ಮಲೆನಾಡಿನ ಅಡುಗೆ ಮಾಡುವ ಕ್ರಮ

ಬಸಳೆ ಹುಳಿ ಕಂಡರೆ ತಟ್ಟೆ ದೂಡುವವರು, ಹಾಲಿನ ಮೇಲೆ ಕೆನೆ ತೇಲಿದರೆ ಲೋಟ ಮುಟ್ಟದವರು, ಉಪ್ಪಿಟ್ಟಿನಲ್ಲಿರುವ ಕಡಲೆಬೇಳೆಯನ್ನೆಲ್ಲ ಹೆಕ್ಕಿ ತಟ್ಟೆ ಅಂಚಿಗೆ ಸಾಲಾಗಿ ಇಡುವವರು. ಇಂಥವರು ಒಬ್ಬರಾದರೂ ಇಲ್ಲದ ಮನೆ ಕಡಿಮೆ. ಮನೆಮಂದಿ ಇದಕ್ಕೆ ಹಠ ಎನ್ನುತ್ತಾರೆ, ಸೊಕ್ಕು ಎನ್ನುತ್ತಾರೆ, "ಹಸಿವಾದ್ರೆ ತಾನೇ ತಿಂತಾನೆ ಬಿಡು" ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಇವರಲ್ಲಿ ಬಹಳ ಜನಕ್ಕೆ ರುಚಿಯ ಮೇಲೆ ತಕರಾರೇ ಇಲ್ಲ. ಪದಾರ್ಥ ನಾಲಿಗೆಗೆ, ಹಲ್ಲಿಗೆ, ಗಂಟಲಿಗೆ ಸಿಗುವ ರೀತಿ ಅವರಿಗೆ ಆಗುವುದಿಲ್ಲ. ಬದನೆಕಾಯಿ ಹುಳಿ ಬೇಡ ಎಂದವರಿಗೆ ಹೋಳು ತೆಗೆದು ಬರೀ ರಸ ಹಾಕಿ ನೋಡಿ. ಎಷ್ಟೋ ಮಂದಿ ಎರಡನೇ ಸಲವೂ ಕೇಳಿ ಹಾಕಿಸಿಕೊಳ್ಳುತ್ತಾರೆ.

ನಮ್ಮ ಮಲೆನಾಡಿನವರಿಗೆ ಒಂದು ಅನುಕೂಲ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಕೂರುವ ಆಗುಂಬೆ, ಹೊಸನಗರ, ತೀರ್ಥಹಳ್ಳಿ, ಸಾಗರದ ಮನೆಗಳಲ್ಲಿ ಹೊಟ್ಟೆಗೂ ಮನಸ್ಸಿಗೂ ಹಿತವಾದ ಅಡುಗೆ ಮೊದಲಿಂದಲೂ ಇದೆ. ಗಂಜಿ, ತಂಬುಳಿ, ಒತ್ತು ಶ್ಯಾವಿಗೆ, ಮಣ್ಣಿ, ಮೆಣಸಿನ ಸಾರು. ಇವನ್ನೆಲ್ಲ ನುಣ್ಣಗೂ ಮಾಡಬಹುದು, ಬಿಡಿಬಿಡಿಯಾಗಿಯೂ ಮಾಡಬಹುದು. ರುಚಿ ಹಾಗೇ ಇಟ್ಟುಕೊಂಡು ಬಾಯಿಗೆ ಸಿಗುವ ರೀತಿಯನ್ನು ಬದಲಿಸುವುದು ಹೇಗೆ ಎಂಬುದೇ ಇಲ್ಲಿರುವ ವಿಷಯ.

ಮೊದಲ ಹೆಜ್ಜೆ: ಎಂಥದ್ದು ಆಗುವುದಿಲ್ಲ ಅಂತ ಗೊತ್ತುಮಾಡಿಕೊಳ್ಳಿ

"ಯಾಕೆ ತಿನ್ನಲ್ಲ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಮಗು ತಲೆ ತಗ್ಗಿಸುತ್ತದೆ, ದೊಡ್ಡವರು ಸಿಟ್ಟಾಗುತ್ತಾರೆ. "ಬಾಯಿಗೆ ಎಂಥ ಆಗ್ತದೆ?" ಎಂದು ಕೇಳಿ. ಅಂಟ್ತದಾ, ಜಾರ್ತದಾ, ಚುಚ್ತದಾ, ಗಂಟಲಲ್ಲಿ ಸಿಕ್ಕಿಕೊಳ್ತದಾ? ಸಣ್ಣ ಮಕ್ಕಳಿಗೆ ಮಾತು ಬಾರದಿದ್ದರೂ ಮುಖ ಹೇಳುತ್ತದೆ. ಬಾಯಿಗಿಟ್ಟ ಕೂಡಲೇ ಉಗುಳಿದರೆ ನಾಲಿಗೆಗೆ ಆಗಿಲ್ಲ. ಬಹಳ ಹೊತ್ತು ಅಗಿದು ಕೆನ್ನೆಯಲ್ಲಿ ಉಂಡೆ ಮಾಡಿ ಇಟ್ಟುಕೊಂಡರೆ ನಾರು ಅಥವಾ ಸಿಪ್ಪೆ ನುಂಗಲಾಗುತ್ತಿಲ್ಲ.

ನಾನು ಕಂಡಂತೆ ತಕರಾರುಗಳು ಕೆಲವೇ ಗುಂಪಿಗೆ ಬರುತ್ತವೆ. ಒಂದು, ಲೋಳೆ: ಬೆಂಡೆ, ಬಸಳೆ, ಕೆಸುವಿನ ಗಡ್ಡೆ, ನೆನೆದ ಸಬ್ಬಕ್ಕಿ. ಇನ್ನೊಂದು, ತರಿ: ರಾಗಿ, ರವೆ, ನುಣ್ಣಗಾಗದ ತೆಂಗಿನಕಾಯಿ. ನಾರು ಮತ್ತು ಸಿಪ್ಪೆಯದು ಬೇರೆ ಗುಂಪು. ಸೊಪ್ಪಿನ ದಂಟು, ಬಾಳೆದಿಂಡು, ಕಳಲೆ, ಟೊಮೇಟೊ ಸಿಪ್ಪೆ, ಅವರೆಕಾಳಿನ ಸಿಪ್ಪೆ ಅಲ್ಲಿ ಬರುತ್ತವೆ. ಪಿಚಪಿಚ ಅನ್ನುವ ಮೆತ್ತನೆ ವಸ್ತು ಆಗದವರಿದ್ದಾರೆ. ಅವರಿಗೆ ಬೆಂದ ಬದನೆ, ಸಿಹಿಗುಂಬಳ, ಕಳಿತ ಬಾಳೆಹಣ್ಣು ಬೇಡ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಬೆರಕೆ. ಮೆತ್ತಗಿನ ತುತ್ತಿನ ನಡುವೆ ಹೇಳದೆ ಕೇಳದೆ ಗಟ್ಟಿಯಾದದ್ದು ಸಿಗುವುದು. ಈ ಲೆಕ್ಕದಲ್ಲಿ ನಮ್ಮ ಉಪ್ಪಿಟ್ಟು ದೊಡ್ಡ ಅಪರಾಧಿ. ಮೆತ್ತನೆ ರವೆ, ಗಟ್ಟಿ ಕಡಲೆಬೇಳೆ, ಚರ್ಮದಂಥ ಕರಿಬೇವು, ಮೆಣಸಿನಕಾಯಿ ಚೂರು, ಬಟಾಣಿ, ಮೇಲಿಂದ ಕಾಯಿತುರಿ. ಒಂದೇ ತುತ್ತಿಗೆ ಆರು ಬಗೆ. ಬೇಡ ಎನ್ನುವವರ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ.

ಒಂದು ವಾರ ಬರೆದಿಡಿ. ತಿಂದದ್ದನ್ನೂ ಬರೆಯಿರಿ, ಬಿಟ್ಟದ್ದನ್ನೂ ಬರೆಯಿರಿ. ಬಿಸಿ ಇತ್ತೋ ಆರಿತ್ತೋ ಅದೂ ಇರಲಿ. ಆಮೇಲೆ ಒಂದೇ ತರಕಾರಿಯನ್ನು ಎರಡು ಮೂರು ರೂಪದಲ್ಲಿ ಕೊಟ್ಟು ನೋಡಿ. ಕ್ಯಾರೆಟ್ಟನ್ನು ಕೋಸಂಬರಿಯಲ್ಲಿ ತಿಂದು ಪಲ್ಯದಲ್ಲಿ ಬಿಟ್ಟರೆ ಕ್ಯಾರೆಟ್ಟಿನ ರುಚಿ ಅವರಿಗೆ ಹಿಡಿಸುತ್ತದೆ, ಬೆಂದ ಮೆತ್ತನೆ ಹಿಡಿಸುವುದಿಲ್ಲ. ಎಲ್ಲ ರೂಪದಲ್ಲೂ ಬಿಟ್ಟರೆ ರುಚಿಯೋ ವಾಸನೆಯೋ ಕಾರಣ. ಆಗ ಈ ಬರಹ ನಿಮಗೆ ಅಷ್ಟಾಗಿ ಉಪಯೋಗಕ್ಕೆ ಬಾರದು.

ಎರಡನೇ ಹೆಜ್ಜೆ: ಬೇರೆ ಕಾರಣ ಇದೆಯಾ ನೋಡಿ

ಇದನ್ನು ದಾಟಿ ಮುಂದೆ ಹೋಗಬೇಡಿ. ಕೆಸುವಿನ ಸೊಪ್ಪಿನ ಪತ್ರೊಡೆ ತಿಂದು ಗಂಟಲು ಕೆರೆಯುತ್ತದೆ ಎಂದರೆ ಅದು ನಿಜವಾದ ತುರಿಕೆ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಸರಿಯಾಗಿ ಬೇಯದಿದ್ದರೆ ಬಾಯಿ, ಗಂಟಲಿಗೆ ಚುಚ್ಚುತ್ತವೆ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕೇ. ಹಾಗೆಯೇ ಗೋಡಂಬಿ, ಶೇಂಗಾ, ಮೊಟ್ಟೆ, ಸಿಗಡಿ ತಿಂದ ಮೇಲೆ ತುಟಿ ಊದಿದರೆ, ಮೈಮೇಲೆ ಗಂಧೆ ಎದ್ದರೆ, ವಾಂತಿಯಾದರೆ ಅದು ಅಲರ್ಜಿ ಇರಬಹುದು. ಉಸಿರು ಕಟ್ಟಿದಂತಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. "ಸ್ವಲ್ಪ ಸ್ವಲ್ಪ ತಿಂದು ರೂಢಿ ಮಾಡ್ಕೋ" ಎಂಬ ಮಾತು ಅಲರ್ಜಿಯ ಹತ್ತಿರ ನಡೆಯುವುದಿಲ್ಲ.

ಇದ್ದಕ್ಕಿದ್ದಂತೆ ಶುರುವಾದ ತಕರಾರಿಗೂ ಕಾರಣ ಹುಡುಕಿ. ಹುಳುಕು ಹಲ್ಲು, ಬಾಯಿಹುಣ್ಣು, ಊದಿದ ಟಾನ್ಸಿಲ್ ಇರಬಹುದು. ವಯಸ್ಸಾದವರಲ್ಲಿ ಸಡಿಲ ಹಲ್ಲುಸೆಟ್ಟು, ಮಾತ್ರೆಗಳಿಂದ ಬಾಯಿ ಒಣಗುವುದು ಸಾಮಾನ್ಯ. ಪಾರ್ಶ್ವವಾಯು ಆದವರು ಉಣ್ಣುವಾಗ ಕೆಮ್ಮಿದರೆ ಗಂಜಿ ತೆಳ್ಳಗೆ ಮಾಡಿಕೊಟ್ಟರೆ ಸಾಕು ಎಂದುಕೊಳ್ಳಬೇಡಿ. ಅಂಥವರಲ್ಲಿ ನೀರಿನಂಥ ಪದಾರ್ಥವೇ ಬೇಗ ಶ್ವಾಸನಾಳಕ್ಕೆ ಇಳಿಯುವುದುಂಟು. ಎಷ್ಟು ದಪ್ಪ ಇರಬೇಕು ಎಂಬುದನ್ನು ನುಂಗುವ ತೊಂದರೆ ನೋಡುವ ಸ್ಪೀಚ್ ಥೆರಪಿಸ್ಟ್ ಹೇಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನು ನೋಡುತ್ತಾರೆ.

ಎರಡರಿಂದ ಆರು ವರ್ಷದ ಮಕ್ಕಳು ಹೊಸ ತಿಂಡಿಗೆ ಮುಖ ತಿರುಗಿಸುವುದು ಬೆಳವಣಿಗೆಯ ಭಾಗ. ಆಟಿಸಂ ಇರುವ ಮಕ್ಕಳಲ್ಲಿ ಮುಟ್ಟುವುದು, ಸದ್ದು, ಬೆಳಕಿನ ಹಾಗೆ ಊಟದ ಸ್ಪರ್ಶವೂ ತೀವ್ರವಾಗಿ ತಾಗಬಹುದು. ತೂಕ ಇಳಿಯುತ್ತಿದ್ದರೆ, ತಿನ್ನುವ ಪದಾರ್ಥಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದ್ದರೆ, ಊಟದ ಹೊತ್ತಾದರೆ ಹೆದರಿಕೆ ಬರುತ್ತಿದ್ದರೆ ಮಕ್ಕಳ ತಜ್ಞರನ್ನು ಕಾಣಿ. ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆ ಇದೆ. ಇಂಥ ತೀವ್ರ ತೊಂದರೆಗೆ ವೈದ್ಯರು ಅರ್‌ಫಿಡ್ ಎನ್ನುತ್ತಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಅದು ಸೇರಿತು. ದೊಡ್ಡವರಿಗೂ ಇದು ಇರಬಹುದು.

ಮೂರನೇ ಹೆಜ್ಜೆ: ಗಂಜಿಯನ್ನು ಬೇಕಾದ ಹಾಗೆ ಮಾಡುವುದು

ಗಂಜಿಯಿಂದಲೇ ಶುರು ಮಾಡಿ. ಇದರಷ್ಟು ಮಾತು ಕೇಳುವ ಪದಾರ್ಥ ಬೇರೆ ಇಲ್ಲ. ಅಕ್ಕಿ ಯಾವುದು, ನೀರೆಷ್ಟು, ಸೌಟು ಎಷ್ಟು ಆಡಿಸಿದಿರಿ ಎಂಬುದರ ಮೇಲೆ ಗಂಜಿ ಪೂರ್ತಿ ಬದಲಾಗುತ್ತದೆ.

ಅಗುಳು ಬಾಯಿಗೆ ಸಿಗಲೇಬಾರದು ಎನ್ನುವವರಿಗೆ ಬೆಳ್ತಿಗೆ ಅಕ್ಕಿಯ (ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ) ನುಚ್ಚು ತಗೊಳ್ಳಿ. ಒಂದು ಲೋಟ ನುಚ್ಚಿಗೆ ಎಂಟು ಲೋಟ ನೀರು. ಅರ್ಧ ಗಂಟೆ ನೆನೆಸಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ಆಗಾಗ ಸೌಟು ಆಡಿಸಿ. ಸುಮಾರು 70 ಡಿಗ್ರಿ ಬಿಸಿಯ ಆಸುಪಾಸಿನಲ್ಲಿ ಅಕ್ಕಿಯ ಪಿಷ್ಟ ನೀರು ಕುಡಿದು ಉಬ್ಬಲು ಶುರುವಾಗುತ್ತದೆ. ಸೌಟು ಆಡಿಸಿದಷ್ಟೂ ಕಾಳು ಒಡೆದು ಪಿಷ್ಟ ನೀರಿಗೆ ಬಿಡುತ್ತದೆ, ಗಂಜಿ ಕೆನೆಗಟ್ಟಿದ ಹಾಗೆ ನುಣ್ಣಗಾಗುತ್ತದೆ. ಮುಕ್ಕಾಲು ಗಂಟೆಗೆ ಹದ ಬರುತ್ತದೆ. ಇನ್ನೂ ನುಣ್ಣಗೆ ಬೇಕಾದರೆ ಕಡೆಗೋಲಿನಿಂದ ಕಡೆದು ಜರಡಿಯಲ್ಲಿ ಸೋಸಿ. ಮಿಕ್ಸಿಗೆ ಹಾಕಬೇಡಿ. ಬೆಂದ ಅಕ್ಕಿಯನ್ನು ಮಿಕ್ಸಿಯಲ್ಲಿ ಜೋರಾಗಿ ತಿರುಗಿಸಿದರೆ ಅಂಟಂಟು ಬರುತ್ತದೆ. ಲೋಳೆ ಆಗದವರಿಗೆ ಅದು ಇನ್ನೊಂದು ಕಾಟ.

ಅಂಟು ಆಗದವರಿಗೆ ಇದರ ಪೂರಾ ಉಲ್ಟಾ. ಅವರಿಗೆ ಕುಚ್ಚಲಕ್ಕಿ ಸರಿ. ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡಿರುವುದರಿಂದ ಪಿಷ್ಟ ಕಾಳಿನ ಒಳಗೇ ಗಟ್ಟಿಯಾಗಿ ಕೂತಿರುತ್ತದೆ. ಎಷ್ಟು ಬೇಯಿಸಿದರೂ ಕಾಳು ಬಿಡಿಯಾಗಿ ನಿಲ್ಲುತ್ತದೆ, ತಿಳಿ ತೆಳ್ಳಗಿರುತ್ತದೆ. ರಾತ್ರಿ ನೆನೆಸಿ, ಒಂದಕ್ಕೆ ಹತ್ತು ನೀರಿಟ್ಟು ಒಂದು ಗಂಟೆ ಬೇಯಿಸಿ. ಸೌಟನ್ನು ಕಡಿಮೆ ಆಡಿಸಿ. ತಿಳಿಯನ್ನು ಬಸಿದು ಲೋಟದಲ್ಲಿ, ಅಗುಳನ್ನು ತಟ್ಟೆಯಲ್ಲಿ ಬೇರೆಬೇರೆಯಾಗಿ ಕೊಟ್ಟರೆ ಇನ್ನೂ ಒಳ್ಳೆಯದು. ತಿಳಿಗೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ಕುಡಿಯುವುದು, ಅಗುಳಿಗೆ ಮಿಡಿ ಉಪ್ಪಿನಕಾಯಿಯ ರಸ ಮಾತ್ರ ಹಾಕಿಕೊಂಡು ತಿನ್ನುವುದು. ಮಿಡಿಯ ಒಳಗಿನ ಓಟೆ ಹಲ್ಲಿಗೆ ಸಿಗುವುದು ಕೆಲವರಿಗೆ ಆಗುವುದಿಲ್ಲ, ಅದಕ್ಕೇ ರಸ ಎಂದೆ. ಅಪ್ಪೆಮಿಡಿ ಘಮ ಇರುವುದು ಆ ರಸದಲ್ಲೇ, ನಷ್ಟ ಏನೂ ಇಲ್ಲ.

ಹೊಸ ಅಕ್ಕಿ, ಹಳೆ ಅಕ್ಕಿ ವ್ಯತ್ಯಾಸ ಗಮನಿಸಿ. ಗದ್ದೆ ಕೊಯ್ಲಾಗಿ ಆಗಷ್ಟೇ ಮಿಲ್ಲಿನಿಂದ ಬಂದ ಅಕ್ಕಿ ಮುದ್ದೆಯಾಗುತ್ತದೆ. ಒಂದು ವರ್ಷ ಹಳೆಯದಾದ ಅಕ್ಕಿ ಜಾಸ್ತಿ ನೀರು ಕುಡಿದು ಬಿಡಿಬಿಡಿ ಬೇಯುತ್ತದೆ. "ನಿನ್ನೆ ತಿಂದ ಅನ್ನ ಇವತ್ತು ಯಾಕೆ ಬೇಡ?" ಎಂದು ಮಗುವಿನ ಮೇಲೆ ರೇಗುವ ಮೊದಲು ಅಕ್ಕಿ ಚೀಲ ಬದಲಾಯಿತಾ ನೋಡಿ. ಇಂಥ ಬಾಯಿಗೆ ಆ ಬದಲಾವಣೆ ಥಟ್ಟನೆ ಗೊತ್ತಾಗುತ್ತದೆ.

ಗಂಜಿ ಆರುತ್ತಾ ಬಂದಂತೆ ದಪ್ಪವಾಗುತ್ತದೆ, ಮೇಲೆ ತೆಳು ಪದರ ಕಟ್ಟುತ್ತದೆ. ಆ ಪದರವೇ ಕೆಲವರಿಗೆ ಓಕರಿಕೆ ತರಿಸುತ್ತದೆ. ಮುಚ್ಚಳ ಹಾಕಿಡಿ, ಬಡಿಸುವಾಗ ಒಂದು ಸೌಟು ಬಿಸಿನೀರು ಬೆರೆಸಿ ಕಡೆಯಿರಿ. ಸ್ವಲ್ಪ ಸ್ವಲ್ಪವೇ ಬಡಿಸಿ. ದೊಡ್ಡ ಬಟ್ಟಲು ತುಂಬ ಕೊಟ್ಟರೆ ಕೊನೆಗೆ ಉಳಿಯುವುದು ಬೇರೆಯೇ ಪದಾರ್ಥ.

ಬರೀ ಅಕ್ಕಿ ಗಂಜಿಯ ಮೇಲೇ ದಿನ ದೂಡುವವರಿಗೆ ಹೆಸರುಬೇಳೆ ಸೇರಿಸಿ. ಮೂರು ಪಾಲು ನುಚ್ಚಿಗೆ ಒಂದು ಪಾಲು ಬೇಳೆ. ಬೇಳೆಯನ್ನು ಹುರಿದು ಬೇರೆ ಬೇಯಿಸಿ, ಕಡೆದು, ಸೋಸಿ ಸೇರಿಸಿದರೆ ಬಾಯಿಗೆ ಸಿಗುವುದಿಲ್ಲ. ಸೇರಿಸಿದ್ದನ್ನು ಹೇಳಿಯೇ ಕೊಡಿ. ಭೇದಿ ಹತ್ತಿದಾಗ ಗಂಜಿ ಕೊಡಬಹುದು, ಆದರೆ ಒಆರ್‌ಎಸ್ ಬದಲಿಗೆ ಗಂಜಿ ಸಾಲದು. ಎರಡೂ ಇರಲಿ. ಒಆರ್‌ಎಸ್ ಅನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ.

ನಾಲ್ಕನೇ ಹೆಜ್ಜೆ: ತರಿ ಇಲ್ಲದ ತಂಬುಳಿ

ಸೊಪ್ಪು ಕಂಡರೆ ಆಗದವರಿಗೆ ಸೊಪ್ಪು ತಿನ್ನಿಸುವ ದಾರಿ ತಂಬುಳಿ. ದೊಡ್ಡಪತ್ರೆ, ಒಂದೆಲಗ, ಕುಡಿ, ನೆಲ್ಲಿಕಾಯಿ, ಶುಂಠಿ, ಮೆಂತೆ, ಯಾವುದಾದರೂ ಆದೀತು. ದೊಡ್ಡಪತ್ರೆಯದ್ದು ಹೇಳುತ್ತೇನೆ, ಉಳಿದವೂ ಇದೇ ದಾರಿ.

ಹತ್ತು ಹನ್ನೆರಡು ಎಲೆ ತೊಳೆದು ದಪ್ಪ ತೊಟ್ಟು ಚಿವುಟಿ ತೆಗೆಯಿರಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು, ಎಲೆ ಹಾಕಿ ಬಾಡಿಸಿ. ನೀರೆಲ್ಲ ಹೋಗಿ ಎಲೆ ಮುದುಡಬೇಕು. ಅರೆಬಾಡಿದರೆ ನಾರು ಉಳಿಯುತ್ತದೆ. ಆರಿದ ಮೇಲೆ ಕಾಲು ಲೋಟ ಕಾಯಿತುರಿ ಜೊತೆ ರುಬ್ಬಿ, ಒಂದೂವರೆ ಲೋಟ ಮಜ್ಜಿಗೆ, ಉಪ್ಪು ಸೇರಿಸಿ. ಒಲೆ ಮೇಲೆ ಇಡುವಂತಿಲ್ಲ, ಮಜ್ಜಿಗೆ ಒಡೆದು ಕಣಕಣವಾಗುತ್ತದೆ.

ತರಿಯ ತೊಂದರೆ ಬರುವುದು ಕಾಯಿಯಿಂದ. ಕಾಯಿ ತುರಿಯುವಾಗ ಕರಟದ ಹತ್ತಿರದ ಕಂದು ಭಾಗಕ್ಕೆ ಹೋಗಬೇಡಿ, ಬಿಳಿ ಮಾತ್ರ ತುರಿಯಿರಿ. ಬಲಿತು ಒಣಗಿದ ಕಾಯಿಗಿಂತ ಸ್ವಲ್ಪ ಎಳೆಯದು ಬೇಗ ನುಣ್ಣಗಾಗುತ್ತದೆ. ಮೊದಲು ಸ್ವಲ್ಪವೇ ನೀರಲ್ಲಿ ಗಟ್ಟಿಯಾಗಿ ರುಬ್ಬಿ, ಆಮೇಲೆ ಸಡಿಲ ಮಾಡಿ. ಮೊದಲೇ ನೀರು ಸುರಿದರೆ ತುರಿ ತೇಲಾಡುತ್ತದೆ, ಬ್ಲೇಡಿಗೆ ಸಿಗುವುದಿಲ್ಲ. ಒರಳಲ್ಲಿ ರುಬ್ಬುವ ತಾಳ್ಮೆ ಇದ್ದರೆ ಅದರ ಹದವೇ ಬೇರೆ. ಆದರೆ ಈಗ ಯಾರಿಗಿದೆ ಅಷ್ಟು ಹೊತ್ತು? ಇಷ್ಟು ಮಾಡಿದರೂ ಬಾಯಿಗೆ ಸಿಕ್ಕಿದರೆ ತೆಳು ಬಟ್ಟೆಯಲ್ಲಿ ಹಿಂಡಿ ಕಾಯಿಹಾಲು ತೆಗೆದು ಅದನ್ನೇ ಬಳಸಿ. ಬಾಡಿಸಿದ ಸೊಪ್ಪನ್ನು ಆ ಹಾಲಲ್ಲೇ ರುಬ್ಬಿ ಸೋಸಿ.

ಇನ್ನು ಒಗ್ಗರಣೆ. ನುಣ್ಣಗಿನ ತಂಬುಳಿ ಮಾಡಿ ಅದರ ಮೇಲೆ ಸಾಸಿವೆ, ಒಣಮೆಣಸಿನ ಚೂರು ಸುರಿದರೆ ಪಟ್ಟ ಕಷ್ಟ ನೀರುಪಾಲು. ತುಪ್ಪದಲ್ಲಿ ಸಾಸಿವೆ ಸಿಡಿಸಿ, ಬ್ಯಾಡಗಿ ಮೆಣಸು, ಇಂಗು ಹಾಕಿ, ಅರ್ಧ ನಿಮಿಷ ಬಿಟ್ಟು ಟೀ ಸೋಸುವ ಸ್ಟೀಲ್ ಜರಡಿಯಲ್ಲಿ ತುಪ್ಪ ಮಾತ್ರ ಇಳಿಸಿ. ಘಮವೆಲ್ಲ ತುಪ್ಪಕ್ಕೆ ಬಂದಿರುತ್ತದೆ. ಸಾರು, ತೊವ್ವೆಗೂ ಇದೇ ಉಪಾಯ ಮಾಡಬಹುದು. ಮನೆಯ ಉಳಿದವರಿಗೆ ಆ ಸಾಸಿವೆಯನ್ನು ಅವರ ಬಟ್ಟಲಿಗೆ ಹಾಕಿ, ಯಾರಿಗೂ ನಷ್ಟವಿಲ್ಲ.

ಶಿವಮೊಗ್ಗ ಪೇಟೆಯಲ್ಲಿ ಇದ್ದು ಕುಂಡದಲ್ಲಿ ದೊಡ್ಡಪತ್ರೆ ಬೆಳೆಸಿಲ್ಲ ಎಂದಾದರೆ ಇವತ್ತೇ ಒಂದು ಕಡ್ಡಿ ನೆಡಿ. ಅದಕ್ಕೆ ಆರೈಕೆ ಬೇಡ.

ಐದನೇ ಹೆಜ್ಜೆ: ರಾಗಿ ಮತ್ತು ಹಾಲು

ರಾಗಿ ಬಿಡಿಸಬೇಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇರುತ್ತದೆ. ಹಾಲು ಆಗದವರಿಗಂತೂ ಇದು ಬೇಕೇ ಬೇಕು. ಅಂಬಲಿಯಲ್ಲಿ ಗಂಟಾಗುವುದು ಬಿಸಿನೀರಿಗೆ ಒಣಹಿಟ್ಟು ಹಾಕಿದಾಗ. ಉಂಡೆಯ ಹೊರಮೈ ಕೂಡಲೇ ಬೆಂದು ಅಂಟಾಗುತ್ತದೆ, ಒಳಗೆ ನೀರು ಹೋಗುವುದಿಲ್ಲ, ಕಚ್ಚಿದರೆ ಒಳಗೆ ಹಸಿಹಿಟ್ಟು. ಎರಡು ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಕಲಸಿ, ಒಂದೂವರೆ ಲೋಟ ಕುದಿನೀರಿಗೆ ಸುರಿಯುತ್ತಾ ತಿರುವಿ. ಏಳೆಂಟು ನಿಮಿಷ ಕುದಿಯಲಿ.

ಗಂಟಿಲ್ಲದಿದ್ದರೂ ನಾಲಿಗೆಗೆ ಮರಳು ಮರಳು ಎನಿಸಿದರೆ ಅದು ತೌಡು. ಹಿಟ್ಟನ್ನು ತೆಳುಬಟ್ಟೆಯಲ್ಲಿ ಜಾಳಿಸಿ. ಅದಕ್ಕಿಂತ ಒಳ್ಳೆಯದು ರಾಗಿಹಾಲು: ರಾಗಿ ರಾತ್ರಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಆ ಹಾಲಿಗೆ ಬೆಲ್ಲ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಮಗುಚಿದರೆ ಮಣ್ಣಿ. ಇನ್ನೂ ಮಗುಚಿ ತಳ ಬಿಟ್ಟ ಮೇಲೆ ತುಪ್ಪ ಸವರಿದ ತಟ್ಟೆಗೆ ಸುರಿದರೆ ಹಾಲುಬಾಯಿ. ಹಾಲುಬಾಯಿ ನುಣ್ಣಗಿದ್ದರೂ ಬಾಯಲ್ಲಿ ಅಲುಗಾಡುತ್ತದೆ. ಅದು ಆಗದವರಿಗೆ ಮಣ್ಣಿಯಲ್ಲೇ ನಿಲ್ಲಿಸಿ. ಏಲಕ್ಕಿಯನ್ನು ಸಿಪ್ಪೆ ಸಮೇತ ಕುಟ್ಟಿ ಹಾಕಬೇಡಿ, ಚೂರು ಸಿಕ್ಕಿಯೇ ಸಿಗುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡ.

ಹಾಲಿನ ಕೆನೆಯ ಕಥೆ ಸಣ್ಣದು. ಹಾಲು ಕಾದಾಗ ಮೇಲ್ಮೈಯಲ್ಲಿ ಪ್ರೋಟೀನು, ಕೊಬ್ಬು ಒಣಗಿ ಪೊರೆ ಕಟ್ಟುತ್ತದೆ. ಸೋಸಿ, ಎರಡು ಲೋಟದ ನಡುವೆ ಎತ್ತಿ ಹೊಯ್ದು ನೊರೆ ಬರಿಸಿ, ಕೂಡಲೇ ಕೊಡಿ. ಮುಚ್ಚಳದ ಲೋಟ ಇದ್ದರೆ ಕೆನೆ ನಿಧಾನ ಕಟ್ಟುತ್ತದೆ.

ಆರನೇ ಹೆಜ್ಜೆ: ಲೋಳೆ ತೆಗೆಯುವುದು

ಬೆಂಡೆಯ ಲೋಳೆ ನೀರಲ್ಲಿ ಕರಗುವಂಥದ್ದು. ಕತ್ತರಿಸಿದ ಮೇಲೆ ತೊಳೆದರೆ ಲೋಳೆ ಇನ್ನೂ ಹರಡುತ್ತದೆ. ಇಡಿಯಾಗಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಸಾಧ್ಯವಾದರೆ ಒಂದು ಗಂಟೆ ಗಾಳಿಗೆ ಹರಡಿ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಇಡಿ. ದಪ್ಪ ದಪ್ಪ ಹೆಚ್ಚಿ, ಅಗಲ ಬಾಣಲೆಯಲ್ಲಿ ಎಣ್ಣೆ ಕಾದ ಮೇಲೆ ಹಾಕಿ. ಮುಚ್ಚಳ ಬೇಡ, ಆವಿ ನೀರಾಗಿ ಕೆಳಗಿಳಿದರೆ ಮತ್ತೆ ಲೋಳೆ. ಉಪ್ಪು ಕೊನೆಯಲ್ಲಿ. ಹುಣಸೆಹುಳಿ, ಮೊಸರು, ಮುರುಗಲು ಯಾವುದಾದರೂ ಹುಳಿ ಬಿದ್ದರೆ ಲೋಳೆ ಕಡಿಮೆಯಾಗುತ್ತದೆ. ನಮ್ಮ ಬೆಂಡೆಕಾಯಿ ಗೊಜ್ಜಿನಲ್ಲಿ ಹುಳಿ ಮುಂದಾಗಿರುವುದು ಸುಮ್ನೆ ಅಲ್ಲ.

ಬಸಳೆಯ ಲೋಳೆ ಪೂರ್ತಿ ಹೋಗುವುದಿಲ್ಲ. ದಂಟು ಬಿಟ್ಟು ಎಲೆ ಮಾತ್ರ ಹಾಕಿ, ತೊಗರಿಬೇಳೆ ಜಾಸ್ತಿ ಮಾಡಿ ಹುಳಿ ಮಾಡಿದರೆ ಗೊತ್ತಾಗುವುದು ಕಡಿಮೆ. ಅಷ್ಟಕ್ಕೂ ಆಗದಿದ್ದರೆ ಬಿಡಿ. ಹರಿವೆ ಇದೆ, ಬಸಳೆ ತಿನ್ನದೆ ಯಾರೂ ಕೆಟ್ಟಿಲ್ಲ. ಕೋಳಿ ಸಾರು ಮಾಡುವ ಮನೆಗಳಲ್ಲಿ ತಿಳಿ ಸಾರು ಹಿತವೆನಿಸುತ್ತದೆ. ಕಾಲು ಸೂಪು ಮಾತ್ರ ಆರಿದರೆ ತುಟಿಗೆ ಅಂಟುತ್ತದೆ, ಮೂಳೆಯಿಂದ ಬಿಟ್ಟ ಜೆಲಟಿನ್ ಅದಕ್ಕೆ ಕಾರಣ. ಬಿಸಿ ಇರುವಾಗಲೇ ಮುಗಿಸಲಿ.

ಏಳನೇ ಹೆಜ್ಜೆ: ಗರಿಗರಿ ಬೇಕಾದವರಿಗೆ

ಎಲ್ಲರಿಗೂ ನುಣ್ಣಗಿನದೇ ಹಿತ ಎಂದು ತಿಳಿಯಬೇಡಿ. ಕೆಲವರಿಗೆ ಕರುಂ ಎಂದು ಮುರಿದರೇ ನೆಮ್ಮದಿ. ಅವರಿಗೆ ಹಲಸಿನ ಹಪ್ಪಳ, ಅಕ್ಕಿ ಸಂಡಿಗೆ, ಬಾಳಕದ ಮೆಣಸು ಇವೆ. ಗಂಜಿ ಒಂದು ಬಟ್ಟಲು, ಹಪ್ಪಳ ಬೇರೆ ತಟ್ಟೆ. ಹಪ್ಪಳವನ್ನು ಗಂಜಿಯ ಮೇಲೆ ಮುರಿದು ಹಾಕಿದರೆ ಎರಡು ನಿಮಿಷಕ್ಕೆ ಮೆತ್ತಗಾಗಿ ಇಬ್ಬರಿಗೂ ಬೇಡವಾಗುತ್ತದೆ.

ನಮ್ಮ ಆಷಾಢದ ಗಾಳಿಯಲ್ಲಿ ಕರಿದ ಹಪ್ಪಳ ಬೇಗನೆ ನೀರು ಹೀರುತ್ತದೆ. ಊಟಕ್ಕೆ ಕೂತ ಮೇಲೆಯೇ ಕರಿಯಿರಿ. ಕರಿಯದ ಹಪ್ಪಳವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಬಿಸಿಲು ಕಂಡ ದಿನ ತೆಗೆದು ಒಣಗಿಸಿ. ಬಿಸಿಲೇ ಇಲ್ಲದಿದ್ದರೆ ಒಲೆ ಪಕ್ಕದ ಬೆಚ್ಚನೆ ಜಾಗ ಸಾಕು.

ಮಧ್ಯದ ಹದ ಬೇಕಾದವರಿಗೆ ಒತ್ತು ಶ್ಯಾವಿಗೆ. ಮೊದಲ ತುತ್ತಿನಿಂದ ಕೊನೆ ತುತ್ತಿನವರೆಗೆ ಒಂದೇ ಥರ ಇರುತ್ತದೆ. ಒಗ್ಗರಣೆ ಹಾಕದೆ, ಬೆಲ್ಲದ ಕಾಯಿಹಾಲು ಪಕ್ಕದಲ್ಲಿಟ್ಟು ಕೊಡಿ. ನೀರ್ ದೋಸೆ, ಉಕ್ಕರಿಸಿದ ಹಿಟ್ಟಿನ ಅಕ್ಕಿರೊಟ್ಟಿ ಕೂಡ ಇದೇ ಸಾಲಿನವು. ರೊಟ್ಟಿ ಅಂಚು ಒಣಗದಂತೆ ಬಟ್ಟೆ ಮುಚ್ಚಿಡಿ. ತರಿ ಕಡುಬು ಇಲ್ಲಿ ಬೇಡ, ಅದರ ಹೆಸರಲ್ಲೇ ಅದರ ಗುಣ ಇದೆ.

ಎಂಟನೇ ಹೆಜ್ಜೆ: ನಿಧಾನಕ್ಕೆ ಮುಂದೆ ಸಾಗುವುದು

ಹಿತವಾದ ಊಟ ನಾಲ್ಕೈದು ಬಗೆ ಸಿಕ್ಕಿದ ಮೇಲೆ ಮಾತ್ರ ಈ ಹೆಜ್ಜೆ. ಜ್ವರ ಬಂದಾಗ, ಪರೀಕ್ಷೆ ಹೊತ್ತಲ್ಲಿ, ಮನೆಗೆ ನೆಂಟರು ಬಂದಾಗ ಶುರು ಮಾಡಬೇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಸೋಸಿದ ಗಂಜಿ ತಿನ್ನುವವರಿಗೆ ಮುಂದಿನ ವಾರ ಸೋಸದೆ ಕಡೆದ ಗಂಜಿ. ಅದು ಒಗ್ಗಿದ ಮೇಲೆ ಕಡೆಯದ ನುಚ್ಚಿನ ಗಂಜಿ. ಆಮೇಲೆ ಮೆತ್ತನೆ ಅನ್ನ, ತಿಳಿಸಾರು. ಉಪ್ಪು, ತುಪ್ಪ, ಬಟ್ಟಲು, ಕೂರುವ ಜಾಗ ಎಲ್ಲ ಮೊದಲಿನಂತೆಯೇ ಇರಲಿ. ವಾರ ಎಂಬುದು ಅಂದಾಜು ಮಾತ್ರ. ಕೆಲವರಿಗೆ ತಿಂಗಳು ಬೇಕು, ಕೆಲವರು ಅಲ್ಲೇ ನಿಲ್ಲುತ್ತಾರೆ.

ಹೊಸದನ್ನು ತಟ್ಟೆಯ ಮೂಲೆಯಲ್ಲಿ ಚಿಟಿಕೆಯಷ್ಟು ಇಡಿ. ತಿನ್ನಲಿ ಎಂಬ ಒತ್ತಾಯ ಬೇಡ. ಮುಟ್ಟಲಿ, ಮೂಸಲಿ, ನೆಕ್ಕಿ ಬಿಡಲಿ. ಮಕ್ಕಳು ಹೊಸ ಪದಾರ್ಥವನ್ನು ಒಪ್ಪಲು ಹತ್ತು ಹದಿನೈದು ಸಲವೂ ಬೇಕಾಗಬಹುದು. ಎರಡನೇ ಸಲಕ್ಕೇ "ಇವನಿಗೆ ಆಗಲ್ಲ" ಎಂದು ತೀರ್ಪು ಕೊಡುವುದು ಅವಸರ. ಅಡುಗೆಮನೆಯಲ್ಲಿ ಕೈಗೆ ಕೆಲಸ ಕೊಡಿ. ಅಕ್ಕಿ ತೊಳೆಯುವುದು, ಅವರೆ ಸಿಪ್ಪೆ ಹಿಚುಕುವುದು, ಶ್ಯಾವಿಗೆ ಒರಳಿಗೆ ಹಿಟ್ಟು ತುಂಬುವುದು. ಕೈ ಒಪ್ಪಿದ್ದನ್ನು ಬಾಯಿ ನಿಧಾನಕ್ಕೆ ಒಪ್ಪುವುದುಂಟು.

ಕದ್ದು ಸೇರಿಸಬೇಡಿ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ದೋಸೆಯೊಳಗೆ ಬದನೆ, ಮೊಸರನ್ನದೊಳಗೆ ಬಸಳೆ ಅಡಗಿಸಿ ಸಿಕ್ಕಿಬಿದ್ದರೆ ಆಮೇಲೆ ದೋಸೆಯೂ ಹೋಯಿತು, ಮೊಸರನ್ನವೂ ಹೋಯಿತು. "ಇದ್ರಲ್ಲಿ ಹೆಸರುಬೇಳೆ ಇದೆ ಮಗಾ, ಸೋಸಿದ್ದೇನೆ, ನೋಡು" ಎಂದು ಹೇಳಿ ಕೊಟ್ಟರೆ ನಿಮ್ಮ ಮೇಲೆ ನಂಬಿಕೆ ಉಳಿಯುತ್ತದೆ.

ಒಂಬತ್ತನೇ ಹೆಜ್ಜೆ: ಪಂಕ್ತಿ ಊಟ ಮತ್ತು ಅಜ್ಜಿಮನೆ

ಮನೆಯಲ್ಲಿ ಎಲ್ಲ ಸರಿಯಾದ ಮೇಲೂ ಮದುವೆಮನೆ ಇದ್ದೇ ಇದೆ. ನಮ್ಮ ಕಡೆ ಬಡಿಸುವವರ ಪ್ರೀತಿ ದೊಡ್ಡದು. "ಹಾಕಿಸ್ಕೊಳ್ಳಿ ಮಾರಾಯ್ರೆ, ಒಂದು ಸೌಟಿಗೆ ಎಂಥ ಆಗ್ತದೆ" ಎನ್ನುವಷ್ಟರಲ್ಲಿ ಎಲೆ ಮೇಲೆ ಬಿದ್ದಿರುತ್ತದೆ. ಮಗುವನ್ನು ಸಾಲಿನ ಕೊನೆಯಲ್ಲಿ, ನಿಮ್ಮ ಪಕ್ಕ ಕೂರಿಸಿ. ಬಡಿಸುವವರು ಬರುವ ಮೊದಲೇ ಎಲೆಗೆ ಕೈ ಅಡ್ಡ ಹಿಡಿಯುವುದನ್ನು ಕಲಿಸಿ. ಮೊದಲು ಬರುವ ಅನ್ನ, ತೊವ್ವೆ, ತುಪ್ಪ ಹೆಚ್ಚಿನವರಿಗೆ ಒಗ್ಗುತ್ತದೆ. ಅದನ್ನೇ ಎರಡು ಸಲ ಹಾಕಿಸಿಕೊಂಡು ಕೊನೆಗೆ ಮಜ್ಜಿಗೆ ಅನ್ನ ಉಂಡರೆ ಊಟ ಆದಂತೆಯೇ. ಮಧ್ಯದಲ್ಲಿ ಬರುವ ಹೋಳಿನ ಹುಳಿ, ಕೂಟಿಗೆ "ಸಾಕು" ಎಂದರೆ ಸಾಕು. ಎಲೆಯಲ್ಲಿ ರಸ ಹರಿದು ಒಂದಕ್ಕೊಂದು ಸೇರುವುದು ಆಗದವರಿಗೆ ಎರಡು ದೊನ್ನೆ ಕೇಳಿ ಇಸ್ಕೊಳ್ಳಿ.

ಅಜ್ಜಿಮನೆಗೆ ಹೋಗುವ ಮೊದಲು ಫೋನಿನಲ್ಲಿ ಅಜ್ಜಿಗೇ ಹೇಳಿ, ಮಗುವಿನ ಎದುರು ಬೇಡ. "ಅಮ್ಮಾ, ಅವಳಿಗೆ ಲೋಳೆ ಆಗಲ್ಲ, ಕುಚ್ಚಲಕ್ಕಿ ಗಂಜಿ ಕೊಡಿ, ತಿಳಿ ಬೇರೆ ಇಡಿ" ಎಂದು ಕೆಲಸದ ಮಾತಾಗಿ ಹೇಳಿದರೆ ಅಜ್ಜಿಗೂ ಅದು ಅಡುಗೆಯ ವಿಷಯವಾಗುತ್ತದೆ. "ಅವಳು ತಿನ್ನಲ್ಲ" ಎಂದರೆ ಅದು ಅಜ್ಜಿಗೆ ಸವಾಲು ಹಾಕಿದ ಹಾಗೆ. ಆಮೇಲೆ ಇಡೀ ರಜೆ ತಿನ್ನಿಸುವ ಪಂದ್ಯ ನಡೆಯುತ್ತದೆ. ಚೀಲದಲ್ಲಿ ಮಗುವಿಗೆ ಒಗ್ಗಿದ ಅಕ್ಕಿ ಒಂದು ಸೇರು, ಹಪ್ಪಳದ ಡಬ್ಬಿ, ಆ ಸಣ್ಣ ಸ್ಟೀಲ್ ಜರಡಿ ಇಟ್ಟುಕೊಳ್ಳಿ. ಮೊದಲ ದಿನ ಗಂಜಿ ನೀವೇ ಮಾಡಿ, ಅಜ್ಜಿ ಪಕ್ಕದಲ್ಲಿರಲಿ. ಎರಡನೇ ದಿನದಿಂದ ಅವರೇ ಮಾಡುತ್ತಾರೆ.